ಟಾಫ್ಟನ ಕುರ್ಚಿ, ನಮ್ಮ ಕೆಂಪು ಫೋಲ್ಡರ್

12 ಆಗಸ್ಟ್ 1996, ಸೋಮವಾರ. ಬೆಳಿಗ್ಗೆ 6.40

ಕೆಂಪು ಫೋಲ್ಡರಿನಲ್ಲಿ ಆರು ಕಾಗದ. ಬ್ಯಾಂಕಿಗೊಂದು, ಮಗಳು ವರ್ಷಾಳ ಸ್ಕೂಲಿಗೊಂದು, ಉಳಿದವು ಚಿಲ್ಲರೆ. ಎಂದಿನಂತೆ ಇವರ ಮುಂದಿಟ್ಟು ಅಡುಗೆಮನೆಗೆ ಹೋದೆ. ಕಾಫಿ ಹಿಡಿದು ಬರುವಷ್ಟರಲ್ಲಿ ಆರಕ್ಕೂ ಸಹಿ: ಪಟ್ಟಾಭಿರಾಮ. ಮದುವೆಯಾದ ಹದಿನೇಳು ವರ್ಷದಿಂದ ಹೀಗೇ — ಅಂಚೆ ಒಡೆಯುವುದು ನಾನು, ಉತ್ತರ ಟೈಪ್ ಮಾಡುವುದು ನಾನು, ಇವರದು ಸಹಿ ಮಾತ್ರ. ಓದುವುದೂ ಇಲ್ಲ. ಮೈಸೂರಿನಲ್ಲಿ ಅಪ್ಪನ ಲಾಯರ್ ಆಫೀಸಿನಲ್ಲೂ ಕಕ್ಷಿದಾರರು ನಾನು ಟೈಪ್ ಮಾಡಿದ್ದಕ್ಕೆ ಕಣ್ಣುಮುಚ್ಚಿ ಸಹಿ ಹಾಕುತ್ತಿದ್ದರು. ಈ ಸತ್ಯವತಿ ಟೈಪ್ ಮಾಡಿದ್ದರಲ್ಲಿ ತಪ್ಪಿರುವುದಿಲ್ಲ. ಜಂಬ ಅಲ್ಲ, ಇರುವ ವಿಷಯ.

ಇವರು ಈಗ ಇನ್ಶೂರೆನ್ಸ್ ಕಂಪನಿಯ ಲೀಗಲ್ ಮ್ಯಾನೇಜರ್. ಅಕ್ಟೋಬರಿನಲ್ಲಿ ರೀಜನಲ್ ಹೆಡ್. ಖಾತ್ರಿ. ಆಮೇಲೆ ಜುರಾಂಗ್ ವೆಸ್ಟಿನ ಈ ಸರ್ಕಾರಿ ಫ್ಲ್ಯಾಟಿಗೆ ಒಂದು ದೊಡ್ಡ ನಮಸ್ಕಾರ. ಈಜುಕೊಳವಿರುವ ಕಾಂಡೊ ಫ್ಲ್ಯಾಟ್ ನೋಡಿಟ್ಟಿದ್ದೇನೆ, ಪರದೆಯ ಬಣ್ಣ ಸಮೇತ.

17 ಆಗಸ್ಟ್, ಶನಿವಾರ

ಇವರು ಬರೆಯುತ್ತಿರುವ ಟಾಫ್ಟ್ ಪುಸ್ತಕ, ಮೂರನೇ ಅಧ್ಯಾಯ. ಅಪ್ಪನ ಹಳೇ ಕನ್ನಡ ಟೈಪ್‌ರೈಟರ್‌ನಲ್ಲೇ ಹೊಡೆಯುತ್ತಿದ್ದೇನೆ. ಅಮೆರಿಕದ ಅಧ್ಯಕ್ಷನೂ ಆಗಿ ಮುಖ್ಯ ನ್ಯಾಯಾಧೀಶನೂ ಆದವನು ಇವನೊಬ್ಬನೇ. ಇಪ್ಪತ್ತೊಂಬತ್ತಕ್ಕೇ ಜಡ್ಜ್. ಆಮೇಲೆ ಇಲ್ಲೇ ಪಕ್ಕದ ಫಿಲಿಪ್ಪೀನ್ಸಿಗೆ ಗವರ್ನರ್. ಅವನ ಆಸೆಯೆಲ್ಲ ಸುಪ್ರೀಂ ಕೋರ್ಟಿನ ಕುರ್ಚಿ; ಹೆಂಡತಿ ನೆಲ್ಲಿಯದು ಅಧ್ಯಕ್ಷರ ಮನೆ. ನೆಲ್ಲಿ ಗೆದ್ದಳು. ಭೇಷ್!

ವರ್ಷಾಳಿಗೆ ಕನ್ನಡ ಓದಲು ಬಾರದು, ನಾನೇ ಓದಿ ಹೇಳಿದೆ.

"ಅಮ್ಮಾ, ಈ ನೆಲ್ಲಿ ಸೋ ಬಾಸಿ ಲಾ! ನಿನ್ ಥರಾನೇ."

"ಸಾಕು, ಹೋಗಿ ಮ್ಯಾಥ್ಸ್ ಮಾಡು."

ಹದಿನಾಲ್ಕು ವರ್ಷಕ್ಕೇ ಎಷ್ಟು ಬಾಯಿ! ಜೊತೆಗೆ ಈ ಊರಿನವರ 'ಲಾ' ಬೇರೆ.

22 ಆಗಸ್ಟ್, ಗುರುವಾರ. ಮಧ್ಯಾಹ್ನ 3

ಅಂಚೆಯಲ್ಲಿ ಬಂತು. ತಂಜಾಂಗ್ ಪಗಾರಿನ ಆರ್ಬಿಟ್ರೇಷನ್ ಮಂಡಳಿ — ಹಡಗು, ಸರಕು, ವಿಮೆಯ ತಕರಾರು ಕೇಳಿ ತೀರ್ಪು ಕೊಡುವ ಜಾಗ. ಇವರನ್ನು ಖಾಯಂ ಆರ್ಬಿಟ್ರೇಟರ್ ಆಗಿ ಬನ್ನಿ ಎಂದಿದ್ದಾರೆ. ಸೆಪ್ಟೆಂಬರ್ 17ರೊಳಗೆ ಉತ್ತರ ಬೇಕಂತೆ. ಇವರು ಕನವರಿಸುವುದೂ ಇದನ್ನೇ. "ಎರಡೂ ಕಡೆ ಕೇಳಿ ಒಂದು ನ್ಯಾಯ ಹೇಳ್ಬೇಕು ಸತ್ಯಾ, ನಂಗೆ ಅಷ್ಟು ಸಾಕು."

ಸಾಕಂತೆ! ಸಂಬಳ ಕಡಿಮೆ, ಕಾರಿಲ್ಲ, ಕಾಂಡೊ ಅಂತೂ ಮರೆತುಬಿಡಬೇಕು. ಐವತ್ತೊಂದಕ್ಕೆ ಇದೆಂಥ ಹುಚ್ಚು? ತೋರಿಸಿದರೆ ಇವತ್ತೇ ಹೂಂ ಅಂದುಬಿಡುತ್ತಾರೆ. ತೋರಿಸಲಿಲ್ಲ. ಇವರ ಹೆಸರಿನಲ್ಲಿ ನಾನೇ ಉತ್ತರ ಟೈಪ್ ಮಾಡಿದೆ: ಒಪ್ಪಲಾಗದು, ಕ್ಷಮಿಸಿ — ನಾಲ್ಕೇ ಸಾಲು. ಸೊಗಸಾಗಿ ಬಂದಿದೆ.

23 ಆಗಸ್ಟ್

ಟೆಲಿಫೋನ್ ಬಿಲ್ಲಿನ ಕಾಗದದ ಕೆಳಗೆ ಇಟ್ಟಿದ್ದೆ. ಕಾಫಿ ತಂದೆ. ಸಹಿ ಆಗಿತ್ತು. ಪೋಸ್ಟ್ ಮಾಡಿ ಬಂದೆ. ಮುಂದೊಂದು ದಿನ ಇವರೇ ಥ್ಯಾಂಕ್ಸ್ ಹೇಳುತ್ತಾರೆ.

ಕಾಫಿ ಅರ್ಧ ಬಿಟ್ಟು ಹೋದರು. ಡಿಕಾಕ್ಷನ್ ಕಹಿಯಾಗಿತ್ತೇನೋ.

14 ಸೆಪ್ಟೆಂಬರ್, ಶನಿವಾರ

ಮೂರು ವಾರ ಬರೆಯಲಿಲ್ಲ. ಕಾಂಡೊ ಸುತ್ತಾಟ. ಇವತ್ತು ಹೊಸ ಅಧ್ಯಾಯ ಟೈಪಿಗೆ ಕೂತೆ. 1906. ಟಾಫ್ಟನನ್ನು ಮೂರನೇ ಸಲ ಸುಪ್ರೀಂ ಕೋರ್ಟಿಗೆ ಕರೆದರು, ಮೂರನೇ ಸಲವೂ ಬೇಡವೆಂದ. ಅಧ್ಯಕ್ಷನಾದ. ಎರಡನೇ ಚುನಾವಣೆಯಲ್ಲಿ ಎರಡೇ ರಾಜ್ಯ ಗೆದ್ದು ಮಕಾಡೆ ಮಲಗಿದ. ಆ ಕುರ್ಚಿ ಸಿಕ್ಕಿದ್ದು 1921ಕ್ಕೆ. ಹದಿನೈದು ವರ್ಷ! ಇವರ ವಯಸ್ಸಿಗೆ ಹದಿನೈದು ಸೇರಿಸಿದೆ. ಅರವತ್ತಾರು.

ಅದರ ಕೆಳಗೆ ಇವರ ಕೈಬರಹ: 'ನೆಲ್ಲಿಯನ್ನು ದೂರುವುದು ಸುಲಭ. ಬೇಡವೆಂದ ಬಾಯಿ ಟಾಫ್ಟನದೇ. ಗೊತ್ತಿದ್ದೇ ಹೇಳಿದ.' ಪಕ್ಕದಲ್ಲಿ ತಾರೀಖು — 23 ಆಗಸ್ಟ್.

ಆ ಕಾಗದಕ್ಕೆ ಸಹಿ ಬಿದ್ದ ದಿನ! ನೇರ ಹೋಗಿ ಕೇಳಿದೆ.

"ರೀ, ಫೋಲ್ಡರ್‌ನಲ್ಲಿರೋ ಕಾಗದ ಓದ್ತೀರಾ ನೀವು?"

"ಒಂದೂ ಬಿಡದೆ. ಲಾಯರ್ ಕಣೇ ನಾನು! ನೀನು ಕಾಫಿ ಮಾಡ್ಕೊಂಡು ಬರೋ ಹೊತ್ತಿಗೆ ಎರಡು ಸಲ ಓದಿರ್ತೀನಿ."

"ಮತ್ತೆ... ಅದಕ್ಕೆ ಯಾಕೆ ಸಹಿ ಹಾಕಿದ್ರಿ?"

ಕನ್ನಡಕ ತೆಗೆದು ಒರೆಸಿದರು. "ಟಾಫ್ಟ್ ಯಾಕೆ ಬೇಡ ಅಂದ ಅಂತ ಮೂರು ತಿಂಗಳಿಂದ ತಲೆ ಕೆಡಿಸ್ಕೊಂಡಿದ್ದೆ. ಸಹಿ ಹಾಕ್ತಾ ಗೊತ್ತಾಯ್ತು. ನೀನು ಪರದೆ ಬಣ್ಣ ಕೂಡ ಆರಿಸಿಟ್ಟಿದ್ಯಲ್ಲ."

ಬೈದಿದ್ದರೆ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ. ಬೈಯಲಿಲ್ಲ. ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟು ಅತ್ತೆ.

16 ಸೆಪ್ಟೆಂಬರ್, ಸೋಮವಾರ. ಮಧ್ಯಾಹ್ನ 1

ಅತ್ತದ್ದು ಸಾಕು. ಬೆಳಿಗ್ಗೆ ಎಂಆರ್‌ಟಿ ರೈಲು ಹತ್ತಿ ತಂಜಾಂಗ್ ಪಗಾರಿಗೆ ಹೋದೆ, ಇವರಿಗೆ ಹೇಳದೆ. ಮಂಡಳಿಯ ಸೆಕ್ರೆಟರಿ ಮಿಸೆಸ್ ಲಿಮ್. ಆ ಕಾಗದ ಬರೆದವಳು ನಾನು, ತಪ್ಪು ನನ್ನದು ಎಂದೆ. ಮರ್ಯಾದೆ ಹೋಯಿತು, ಹೋಗಲಿ. ಇನ್ನೂ ಬೇರೆ ಯಾರನ್ನೂ ತೆಗೆದುಕೊಂಡಿಲ್ಲವಂತೆ. ನಾಳೆ ಸಂಜೆ ಐದರೊಳಗೆ ಹೊಸ ಕಾಗದ ತಲುಪಬೇಕು, ಇವರದೇ ಸಹಿ ಇರಬೇಕು, ಹೆಂಡತಿಯ ಮಾತು ನಡೆಯುವುದಿಲ್ಲ ಎಂದಳು. ನ್ಯಾಯವಾಗಿಯೇ ಇದೆ.

ಕಾಂಡೊ ಏಜೆಂಟನಿಗೆ ಫೋನ್ ಮಾಡಿ ಬೇಡವೆಂದೆ.

17 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 6.40

ಫೋಲ್ಡರಿನಲ್ಲಿ ಒಂದೇ ಕಾಗದ. ಮನಸ್ಸು ಬದಲಿಸಿದ್ದೇನೆ, ಸ್ಥಾನ ಒಪ್ಪಿದ್ದೇನೆ ಎಂದು. ಇವರ ಮುಂದಿಟ್ಟೆ. ಕಾಫಿಗೆ ಒಳಗೆ ಹೋಗಲಿಲ್ಲ. ಎದುರಿಗೇ ಕೂತು ಇದನ್ನು ಬರೆಯುತ್ತಿದ್ದೇನೆ.

ಓದುತ್ತಿದ್ದಾರೆ. ಓದುವಾಗ ತುಟಿ ಅಲ್ಲಾಡುತ್ತದೆ. ಹದಿನೇಳು ವರ್ಷದಲ್ಲಿ ಇದನ್ನು ನೋಡಿಯೇ ಇರಲಿಲ್ಲ.

"ಒಂದು ತಪ್ಪಿದೆ ಸತ್ಯಾ."

"ನಾನು ಟೈಪ್ ಮಾಡಿದ್ರಲ್ಲಾ? ಸಾಧ್ಯಾನೇ ಇಲ್ಲ!"

"'ಮನಸ್ಸು ಬದಲಿಸಿದ್ದೇನೆ' ಅಂತಿದೆ. ನನ್ ಮನಸ್ಸು ಯಾವತ್ತೂ ಬದಲಾಗಿರ್ಲಿಲ್ವಲ್ಲೇ."

ಆ ಸಾಲು ಹೊಡೆದುಹಾಕಿದರು. ಪೆನ್ನು ಕೈಯಲ್ಲೇ ಇದೆ. ಮತ್ತೆ ಮೊದಲಿನಿಂದ ಓದುತ್ತಿದ್ದಾರೆ, ಪುಣ್ಯಾತ್ಮ! ಈಗ ಕೆಳಗಿನ ಸಾಲು. ಈಗ ಸಹಿಯ ಜಾಗಕ್ಕೆ —