ಎಡಕ್ಕೆ ತಿರುಗಿದ ಡೋಲು

ಮೇ ೧೮, ಭಾನುವಾರ.

ಅಣ್ಣ ಊಟಕ್ಕೆ ಕೂತು ಇವತ್ತೂ ಅದೇ ಹಳೇ ಪುರಾಣ ತೆಗೆದ. "ಸ್ಕೂಲಿನ ಬೇಸಿಗೆ ಮೆರವಣಿಗೇಲಿ ಎಲ್ರೂ ಬಲಕ್ಕೆ ತಿರುಗಿದ್ರೆ, ಇವಳು ಡೋಲು ಬಾರಿಸ್ಕೊಂಡು ಎಡಕ್ಕೆ ಹೋದ್ಲು! ಹಿಂದಿದ್ದ ಎಂಟು ಮಕ್ಕಳೂ ಕುರಿ ಥರ ಇವಳ ಹಿಂದೇನೇ!" ನನ್ನ ಮಗಳೂ ಬಿದ್ದು ಬಿದ್ದು ನಕ್ಕಳು.

ನಗಲಿ. ಒಂಬತ್ತು ವರ್ಷಕ್ಕೆ ನನಗೆ ಎಡ ಬಲ ಚೆನ್ನಾಗಿಯೇ ಗೊತ್ತಿತ್ತು. ಎಡಗಡೆಯ ಬೀದಿಯಲ್ಲಿ ಅಜ್ಜಿಯ ಕಿಟಕಿಯಿತ್ತು. ಹಾಸಿಗೆ ಹಿಡಿದಿದ್ದ ಅಜ್ಜಿ "ಈ ಸಲ ನಿನ್ನ ಡೋಲು ನಂಗೆ ಕೇಳ್ಸಲ್ಲ ಬಿಡು, ಪುಟ್ಟಿ" ಅಂದಿದ್ದಳು. ಮಾಸ್ತರು ಹಿಂದಿನಿಂದ ಗಂಟಲು ಹರಿಯುವಂತೆ ಕೂಗಿದರು. ನಾನು ಇನ್ನೂ ಜೋರಾಗಿ ಬಾರಿಸಿದೆ. ಅಜ್ಜಿ ಮಲಗಿದ್ದಲ್ಲಿಂದಲೇ ಕಿಟಕಿಯ ಸರಳಿಗೆ ಚಮಚ ಬಡಿದು ತಾಳ ಹಾಕಿದಳು.

ಮರುವರ್ಷ ನನ್ನ ಡೋಲು ಕಿತ್ತುಕೊಂಡು ಬಾವುಟ ಕೊಟ್ಟರು. ಕೊಡಲಿ. ಈಗಲೂ ಯಾರಾದರೂ ಡೋಲು ಕೈಗೆ ಕೊಟ್ಟು ನೋಡಲಿ, ಎಡಕ್ಕೇ...