ಲೋಟಕ್ಕೆ ಒಡೆದ ಮೊಟ್ಟೆ

ಫ್ರೀಸ್‌ಲ್ಯಾಂಡ್, 1943

ಅಮ್ಮಾ,

ಬರೆದ ಕೂಡಲೇ ಇದನ್ನು ಒಲೆಗೆ ಹಾಕುತ್ತೇನೆ. ಜರ್ಮನರು ನಿನ್ನನ್ನು ಒಯ್ದ ಮೇಲೆ ಊರವರ ಪಾಲಿಗೆ ನಾನು ಯಹೂದಿಯಲ್ಲ, ನನ್ನನ್ನು ಮನೆಯಲ್ಲಿಟ್ಟುಕೊಂಡಿರುವ ವೀಟ್ಸ್ಕೆ ಚಿಕ್ಕಮ್ಮನ ಅಕ್ಕನ ಮಗಳು ಫೆಮ್ಕೆ.

ನಿನ್ನೆ ಅಭ್ಯಾಸಬಲದಿಂದ ಮೊಟ್ಟೆಯನ್ನು ಗಾಜಿನ ಲೋಟಕ್ಕೆ ಒಡೆದು, ನೀನು ಕಲಿಸಿದಂತೆ, ನಮ್ಮ ಧರ್ಮದಲ್ಲಿ ತಿನ್ನಬಾರದ ರಕ್ತದ ಚುಕ್ಕಿ ಇದೆಯೇ ಎಂದು ಬೆಳಕಿಗೆ ಹಿಡಿದೆ. ಪಕ್ಕದ ಮನೆಯ ಗ್ರೀಟ್ ಬಾಗಿಲಲ್ಲೇ ನಿಂತಿದ್ದಳು.

“ಏನೇ, ಮೊಟ್ಟೇಲಿ ಚಿನ್ನ ಹುಡುಕ್ತಿದ್ದೀಯಾ?”

“ಮೊನ್ನೆ ಕೊಳೆತದ್ದು ಬಂದಿತ್ತು ಕಣೇ,” ಎಂದರು ಚಿಕ್ಕಮ್ಮ.

ಗ್ರೀಟ್ ನಕ್ಕಳು; ಲೋಟದಿಂದ ಕಣ್ಣು ಮಾತ್ರ ತೆಗೆಯಲಿಲ್ಲ.

ಇವತ್ತು ಅವಳೇ ಮೊಟ್ಟೆ ತಂದು, “ಸೊರಗಿದ್ದೀಯ ಮಗಳೇ, ನನ್ನೆದುರಿಗೇ ಮಾಡ್ಕೊಂಡು ತಿನ್ನು,” ಎಂದು ಕುರ್ಚಿ ಎಳೆದು ಕೂತಳು. ಅಕ್ಕರೆಯೋ ಪರೀಕ್ಷೆಯೋ, ಯಾರಿಗೆ ಗೊತ್ತು! ನೇರವಾಗಿ ಬಾಣಲೆಗೇ ಒಡೆದೆ. ಒಂದರಲ್ಲಿ ಚುಕ್ಕಿಯಿತ್ತು.

ಕಲಸಿ ತಿಂದೆ ಅಮ್ಮ. ಚೆನ್ನಾಗಿದೆ ಅಂತಲೂ ಅಂದೆ.