ಇಪ್ಪತ್ತು ಮಿಲಿಮೀಟರ್

ಲೇತ್ ಶೆಡ್ಡಿನ ಮೇಲಿನ ಕೋಣೆ,
ಮಾರ್ಚ್ ೧೪, ಸೋಮವಾರ

ನನ್ನ ಮುದ್ದು ಮಗಳೇ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡ್ತಿದ್ದೀಯ ತಾನೇ? ಕಾರುಗಳ ಕೆಳಗೆ ಮಲಗಿ ಮಲಗಿ ಬೆನ್ನು ನೋವು ಅಂತ ನಿನ್ನಮ್ಮನ ಹತ್ತಿರ ಹೇಳಿದೆಯಂತೆ. ಕೆಳಗೊಂದು ದಪ್ಪ ರಟ್ಟು ಹಾಸ್ಕೋ. ನಿನಗೆ ಸ್ವಂತ ವರ್ಕ್‌ಶಾಪ್ ಇರಬಹುದು, ಕೈಕೆಳಗೆ ಇಬ್ಬರು ಮೆಕ್ಯಾನಿಕ್‌ಗಳಿರಬಹುದು, ಬೆನ್ನು ಮಾತ್ರ ಒಂದೇ ಕಣಮ್ಮ. ನಾವಿಬ್ಬರೂ ಗಟ್ಟಿಯಾಗಿದ್ದೀವಿ. ನಿನ್ನಮ್ಮ ಹೊಲಿಗೆ ಮೆಷಿನ್ ಮುಂದೆ ಕೂತು ಅಲ್ಲಿಂದಲೇ ನನ್ನನ್ನ ಗದರಿಸ್ತಾ ಇರ್ತಾಳೆ, ಅಂದ್ರೆ ಆರೋಗ್ಯವಾಗಿದ್ದಾಳೆ ಅಂತ ಅರ್ಥ. ನನ್ನ ಅಕ್ಷರ ಕುಂಬಳಕಾಯಿ ಗಾತ್ರ ಇದೆ ಅಂತ ನಗಬೇಡ, ಪೆನ್ನು ಸರಿ ಇಲ್ಲ.

ನಿನ್ನ ಚೀಟಿ ಬಂದು ಇಪ್ಪತ್ತು ದಿನ ಆಯ್ತು. "ಅಪ್ಪಾ, ನಮ್ಮ ಹಳೇ ಕಾರಿನ ಹಿಂದಿನ ಎರಡು ಚಕ್ರಕ್ಕೂ ಸ್ಪೇಸರ್ ಬೇಕು, ದಪ್ಪ ಇಪ್ಪತ್ತು ಮಿಲಿಮೀಟರ್. ಅಂಗಡೀಲಿ ಸಿಗುತ್ತೆ, ಆದ್ರೆ ನಿನ್ನ ಕೈಯಲ್ಲಿ ಕಡೆದದ್ದೇ ಬೇಕು." ಹತ್ತು ವರ್ಷದಲ್ಲಿ ನೀನು ನನ್ನನ್ನ ಏನಾದ್ರೂ ಕೇಳಿದ್ದು ಇದೇ ಮೊದಲು. ಖುಷಿ ತಡೀಲಾರದೆ ನಿನ್ನಮ್ಮನ ಕೈಲಿ ಚೀಟಿ ಎರಡು ಸಲ ಓದಿಸಿದೆ. ಸ್ಪೇಸರ್ ಅಂದ್ರೆ ಹಬ್‌ಗೂ ಚಕ್ರಕ್ಕೂ ಮಧ್ಯೆ ಕೂರೋ ದುಂಡನೆ ಬಿಲ್ಲೆ, ಚಕ್ರ ಅಷ್ಟು ಹೊರಗೆ ಬಂದು ಕಾರು ಎದೆ ಸೆಟೆದು ನಿಂತ ಹಾಗೆ ಕಾಣುತ್ತೆ ಅಂತ ದೊಡ್ಡದಾಗಿ ವಿವರಿಸೋಕೆ ಹೊರಟೆ. "ಗೊತ್ತು ಬಿಡಿ. ಅವತ್ತು ಆ ಮಗು ಕೇಳಿದ್ದೂ ಇದನ್ನೇ ಅಲ್ವಾ?" ಅಂದಳು. ನಾನು ಟೀ ಲೋಟ ಬಾಯಿಗಿಟ್ಟುಕೊಂಡೆ.

ಹೌದು, ಅವತ್ತೂ ನೀನು ಇದನ್ನೇ ಕೇಳಿದ್ದೆ. ನಿನಗಾಗ ಹದಿನೇಳು. ಕಾರು ಬಡಕಲಾಗಿ ಕಾಣುತ್ತೆ, ಚಕ್ರ ಹೊರಗೆ ತರಬೇಕು ಅಂತ ವಾರಗಟ್ಟಲೆ ನನ್ನ ಹಿಂದೆ ಬಿದ್ದಿದ್ದೆ. ಶೋಕಿ ಕೆಲಸಕ್ಕೆಲ್ಲ ನನ್ನ ಲೇತ್ ತಿರುಗಲ್ಲ ಅಂದೆ. ನೀನು ನನ್ನ ಮಗಳೇ ತಾನೇ, ಬಿಡ್ತೀಯಾ? ನನ್ನ ಡಬ್ಬಿಯಿಂದಲೇ ವಾಷರ್ ಕದ್ದು, ಒಂದೊಂದು ಬೋಲ್ಟಿಗೂ ಐದೈದು ಏರಿಸಿ, ಅದರ ಮೇಲೆ ಚಕ್ರ ಕೂರಿಸಿದೆ. ನಟ್ಟು ಹಿಡಿಯೋಕೆ ಜಾಗ ಉಳಿದಿದ್ದು ಎರಡೇ ಸುತ್ತು. ರಸ್ತೆಯ ಮೊದಲನೇ ತಿರುವಲ್ಲೇ ಎಡಗಡೆ ಚಕ್ರ ಕಳಚಿಕೊಂಡು, ಕಾರಿಗಿಂತ ಮುಂದೆ ಓಡಿ, ಪೇಂಟರ್ ಅಂಗಡಿಯ ನೀಲಿ ಬಣ್ಣದ ಡಬ್ಬ ಉರುಳಿಸಿ ಮಲಗಿತು. ನಾನು ಓಡಿ ಬಂದವನು ಪೆಟ್ಟಾಯ್ತಾ ಅಂತ ಕೇಳಲಿಲ್ಲ, ನಟ್ಟು ಎಷ್ಟು ಸುತ್ತು ಕೂತಿತ್ತು ಅಂತ ಕೇಳಿದೆ. ಜನ ಸೇರಿದ್ರು. ಅಷ್ಟೂ ಜನರ ಮುಂದೆ "ಬಂದಳು ನೋಡಿ ವಾಷರಮ್ಮ" ಅಂದೆ. ಬೀದಿಗೆ ಬೀದಿಯೇ ಆ ಹೆಸರು ಹಿಡ್ಕೊಂಡಿತು. ಅವತ್ತಿಂದ ಮನೆಗೆ ಬಂದ್ರೂ ಹೊರಗಿನ ಮೆಟ್ಟಿಲು ಹತ್ತಿ ಸೀದಾ ಮೇಲೆ ಹೋಗ್ತೀಯ, ಶೆಡ್ಡಿನೊಳಗೆ ಕಾಲಿಡಲ್ಲ. ಕಾರನ್ನ ನಿನ್ನ ವರ್ಕ್‌ಶಾಪಿಗೆ ಒಯ್ದಾಗಲೂ ಅಷ್ಟೇ, ಆಚೆ ನಿಂತೇ ಕೀ ಇಸ್ಕೊಂಡೆ. ತಪ್ಪು ನನ್ನದು ಮಗಳೇ. ಕೇಳಿದಾಗಲೇ ನೆಟ್ಟಗೆ ಕಡೆದು ಕೊಟ್ಟಿದ್ರೆ ನಿನಗೆ ವಾಷರಿನ ಗ್ರಹಚಾರ ಯಾಕೆ ಬರ್ತಿತ್ತು?

ಈ ಇಪ್ಪತ್ತು ದಿನ ಅಲ್ಯೂಮಿನಿಯಂ ದಿಂಡು ಮುಂದಿಟ್ಟುಕೊಂಡು ನಿನ್ನನ್ನೇ ನೆನೆಸ್ಕೊಂಡೆ. ಶಾಲೆಗೆ ಸೇರೋ ಮೊದಲೇ ವರ್ನಿಯರ್ ಓದೋದು ಕಲಿತವಳು ನೀನು. ಆ ಮೂರು ಕಾಲಿನ ಸ್ಟೂಲ್ ಮೇಲೆ ಕೂತು, ತುಂಡನ್ನ ವರ್ನಿಯರ್ ಬಾಯಿಗೆ ಕೊಟ್ಟು, ಗೀಟು ನೋಡಿ ಅಳತೆ ಕೂಗ್ತಿದ್ದೆ, ನಾನು ಲೇತ್ ಹಿಡಿ ತಿರುಗಿಸ್ತಿದ್ದೆ. ಒಂದು ಗೀಟು ಹೆಚ್ಚು ಹೇಳಿ ನನ್ನನ್ನ ಪರೀಕ್ಷೆ ಬೇರೆ ಮಾಡ್ತಿದ್ದೆ, ಕಳ್ಳಿ! ಎರಡು ತುಂಡು ಪಕ್ಕಪಕ್ಕ ಇಟ್ಟು ಉಗುರು ಎಳೆಯೋದನ್ನ ನಾನೇ ಹೇಳಿಕೊಟ್ಟಿದ್ದು, ಮರೆತಿಲ್ಲ ತಾನೇ? ಉಗುರು ತಡೆದರೆ ಜೊತೆ ಸರಿಯಿಲ್ಲ, ಎಷ್ಟೇ ಹೊಳೀಲಿ, ಗಿರಾಕಿಗೆ ಕೊಡೋ ಹಾಗಿಲ್ಲ. ಆಗ ಶೆಡ್ ತುಂಬಾ ನಿನ್ನ ಗಂಟಲೇ. ಈಗ ಲೇತ್ ನಿಲ್ಲಿಸಿದ್ರೆ ಮೇಲಿನ ಹೊಲಿಗೆ ಮೆಷಿನ್ ಸದ್ದು ಬಿಟ್ಟು ಬೇರೇನೂ ಕೇಳಲ್ಲ. ನಿನ್ನ ನೆನಪು ತುಂಬಾ ಬರುತ್ತೆ ಕಣೇ.

ಈ ಕಾಗದದ ಜೊತೆಗಿರೋ ಡಬ್ಬಿಯನ್ನ ಜೋಪಾನವಾಗಿ ಬಿಚ್ಚು. ನಿನ್ನಮ್ಮ ತನ್ನ ಮಿಕ್ಕ ಬಟ್ಟೆಯಲ್ಲಿ ನಾಲ್ಕು ಸುತ್ತು ಸುತ್ತಿದ್ದಾಳೆ. ಒಳಗೆ ಸ್ಪೇಸರ್ ಇದೆ ಅಂತಲೇ ಅವಳೂ ತಿಳ್ಕೊಂಡಿದ್ದಾಳೆ. ನಿನ್ನ ಇಬ್ಬರು ಮೆಕ್ಯಾನಿಕ್‌ಗಳಿಗೂ ನಾನು ಕೇಳಿದೆ ಅಂತ ಹೇಳು. ಬೆನ್ನು ನೋಡ್ಕೋ. ನೂರು ಕಾಲ ಚೆನ್ನಾಗಿ ಬಾಳು ತಾಯಿ.

ಇಂತಿ ನಿನ್ನ
ಅಪ್ಪ

ತಾ.ಕ.: ಟಪಾಲಿನವನು ಬರೋ ಹೊತ್ತಾಯ್ತು, ಬೇಗ ಬೇಗ ಬರೀತೀನಿ. ಡಬ್ಬೀಲಿ ಸ್ಪೇಸರ್ ಇಲ್ಲ. ಎರಡು ಕಡೆದೆ, ಪಕ್ಕಪಕ್ಕ ಇಟ್ಟು ಉಗುರು ಎಳೆದೆ, ತಡೆಯಿತು. ಇನ್ನೆರಡು ಕಡೆದೆ, ಅದೂ ತಡೆಯಿತು. ದಪ್ಪವೇ ಹೀಗಾದ್ರೆ ನಡುವಿನ ತೂತು ಎಷ್ಟು ತಪ್ಪಿದೆಯೋ! ಅದು ಸಡಿಲವಾದ್ರೆ ಓಡೋವಾಗ ಚಕ್ರ ನಡುಗುತ್ತೆ. ನಿನ್ನ ಕೆಳಗಿಂದ ಇನ್ನೊಂದು ಚಕ್ರ ಕಳಚೋದನ್ನ ನಾನು ನೋಡಲಾರೆ. ಪೆನ್ನು ಸರಿಯಾಗೇ ಇದೆ ಮಗಳೇ. ಸರಿ ಇಲ್ಲದ್ದು ನನ್ನ ಕಣ್ಣು. ವರ್ನಿಯರ್ ಗೀಟು ಕಾಣಲ್ಲ, ಆರು ತಿಂಗಳಾಯ್ತು, ಅಂದಾಜಲ್ಲಿ ದಿನ ತಳ್ತಿದ್ದೀನಿ. ನಿನ್ನಮ್ಮನಿಗೂ ಹೇಳಿಲ್ಲ. ಡಾಕ್ಟರ್ ಹತ್ತಿರ ಒಬ್ಬನೇ ಹೋಗೋಕೆ ಭಯ. ಡಬ್ಬೀಲಿರೋದು ನನ್ನ ವರ್ನಿಯರ್, ಅದು ಇನ್ನು ನಿನ್ನದು. ಅದನ್ನ ತಗೊಂಡು, ಕಾರಿನಲ್ಲೇ ಬಾ. ಮೇಲೆ ಹೋಗಬೇಡ, ಶೆಡ್ಡಿನ ಬಾಗಿಲಿಂದ ಬಾ. ಸ್ಟೂಲ್ ಅಲ್ಲೇ ಇದೆ. ನೀನು ಓದಿ ಕೂಗು, ನಾನು ಕಡೀತೀನಿ.